ಫಾರ್ಮ್ಯಾಟ್, ರ‍್ಯಾಮ್, ಎಸ್‌ಎಸ್‌ಡಿ: ನಮ್ಮನೆ ಕಂಪ್ಯೂಟರ್‌ಗೆ ಯಾವ ಮದ್ದು ನಾಟಿತು?

ನಮ್ಮನೆ ಡೆಸ್ಕ್‌ಟಾಪ್ ತಂದಿದ್ದು 2014ರಲ್ಲಿ. ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ರ‍್ಯಾಮ್ ಅಂದರೆ ಕೆಲಸ ಮಾಡುವಾಗ ಮಾತ್ರ ಬಳಸುವ ಮೆಮೊರಿ, ಹಾರ್ಡ್ ಡಿಸ್ಕ್ ಅಂದರೆ ಫೈಲುಗಳು ಉಳಿಯುವ ಜಾಗ. ಅಪ್ಪ ಇವತ್ತಿಗೂ ನುಡಿ ಸಾಫ್ಟ್‌ವೇರಿನಲ್ಲಿ ಪತ್ರ ಟೈಪ್ ಮಾಡುವುದು ಇದರಲ್ಲೇ. ಆದರೆ ಇದು ಬರಬರುತ್ತಾ ಆನ್ ಆಗುವುದಕ್ಕೇ ಒದ್ದಾಡತೊಡಗಿತು. ಬಟನ್ ಒತ್ತಿ ಹೋದ ಅಪ್ಪ ಸ್ನಾನ ಮುಗಿಸಿ ಬಂದರೂ ಪರದೆ ಮೇಲೆ ಚುಕ್ಕಿಗಳು ಸುತ್ತುತ್ತಲೇ ಇರುತ್ತಿದ್ದವು. ಮೊಬೈಲಿನಲ್ಲಿ ಟೈಮ್ ಇಟ್ಟು ನೋಡಿದೆ. ಬಟನ್ ಒತ್ತಿದಾಗಿನಿಂದ ಒಂದು ಫೈಲ್ ತೆರೆಯುವವರೆಗೆ 7 ನಿಮಿಷ 40 ಸೆಕೆಂಡ್.

ಒಬ್ಬರು ಫಾರ್ಮ್ಯಾಟ್ ಮಾಡು (ಎಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕು) ಅಂದರು, ಇನ್ನೊಬ್ಬರು ರ‍್ಯಾಮ್ ಜಾಸ್ತಿ ಮಾಡು ಅಂದರು, ಮತ್ತೊಬ್ಬರು ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್ ಬದಲಿಗೆ ಚಿಪ್‌ಗಳಲ್ಲಿ ಫೈಲ್ ಇಡುವ ಡಿಸ್ಕ್) ಹಾಕು ಅಂದರು. ಒಂದಾದ ಮೇಲೊಂದು ಮೂರನ್ನೂ ಮಾಡಿ ನೋಡಿದೆ.

ಮೊದಲು ಫಾರ್ಮ್ಯಾಟ್, ದುಡ್ಡು ಬೇಡವಲ್ಲ ಅಂತ. ಫೈಲುಗಳನ್ನೆಲ್ಲ ಬೇರೆ ಕಡೆ ಕಾಪಿ ಮಾಡಿಕೊಂಡು ವಿಂಡೋಸ್ 10 ಹೊಸದಾಗಿ ಹಾಕಿದೆ. ಒಂದು ಶನಿವಾರ ಪೂರ್ತಿ ಹೋಯಿತು. ಮಾರನೇ ದಿನ 3 ನಿಮಿಷ 10 ಸೆಕೆಂಡಿಗೆ ಆನ್ ಆದಾಗ ಮನೆಯಲ್ಲಿ ಎಲ್ಲರಿಗೂ ಖುಷಿ. ಮೂರು ವಾರದಲ್ಲಿ ಅಪ್‌ಡೇಟ್‌ಗಳು ಬಂದವು, ಆಂಟಿವೈರಸ್ ಬಂತು, ಮತ್ತೆ 6 ನಿಮಿಷದ ಹತ್ತಿರ.

ಆಮೇಲೆ ರ‍್ಯಾಮ್. ಸೆಕೆಂಡ್ ಹ್ಯಾಂಡ್ 4 ಜಿಬಿ ಡಿಡಿಆರ್3 (ನಮ್ಮ ಬೋರ್ಡಿಗೆ ಹೊಂದುವ ಹಳೇ ಬಗೆಯ ರ‍್ಯಾಮ್) ತಂದು ಕೂರಿಸಿದೆ. ಫ್ಯಾನ್ ತಿರುಗಿತು, ಪರದೆ ಮಾತ್ರ ಕಪ್ಪಗೇ ಉಳಿಯಿತು. ಬರೀ ಬೀಪ್ ಬೀಪ್. ಎದೆ ಧಸಕ್ಕೆಂದಿತು. ಪ್ಲಗ್ ತೆಗೆದು, ಒಳಗೆ ಉಳಿದ ಕರೆಂಟ್ ಹೋಗಲಿ ಅಂತ ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿದೆ. ರ‍್ಯಾಮ್ ಹೊರಗೆ ತೆಗೆದು ನೋಡಿದರೆ ಅದರ ಚಿನ್ನದ ಬಣ್ಣದ ಗೆರೆಗಳ ಮೇಲೆ ಮಂಕು ಕವಿದಿತ್ತು. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿದೆ, ಪುಡಿ ಊದಿದೆ. ಎರಡೂ ಕಡೆ ಕ್ಲಿಪ್ 'ಟಕ್' ಅನ್ನುವವರೆಗೆ ಒತ್ತಿದೆ. ಪರದೆ ಬಂತು! ಬೀಪ್ ಶಬ್ದಕ್ಕೆ ಹೆದರಿ ಅಂಗಡಿಗೆ ಹೊತ್ತುಕೊಂಡು ಹೋಗುವ ಮುಂಚೆ ಇದನ್ನೊಂದು ಸಲ ಖಂಡಿತ ಮಾಡಿ ನೋಡಿ. ಆದರೆ ಆನ್ ಆಗುವ ಸಮಯ? 5 ನಿಮಿಷ 50 ಸೆಕೆಂಡ್. ಆನ್ ಆದಮೇಲೆ ಬ್ರೌಸರ್ ತಿಣುಕುವುದು ಕಡಿಮೆಯಾಯಿತು, ಅಷ್ಟೇ.

ಆಗ ಯಾವ ಭಾಗ ಎಷ್ಟು ದುಡಿಯುತ್ತಿದೆ ಅಂತ ತೋರಿಸುವ ವಿಂಡೋಸಿನ ಟಾಸ್ಕ್ ಮ್ಯಾನೇಜರ್ ತೆರೆದೆ. ಸಿಪಿಯು (ಪ್ರೊಸೆಸರ್) 8 ಪರ್ಸೆಂಟ್, ಡಿಸ್ಕ್ 100 ಪರ್ಸೆಂಟ್. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿ ನೋಡಿದರೆ ಹಾರ್ಡ್ ಡಿಸ್ಕ್ ಮೇಲೆ ಹಳದಿ ಬಣ್ಣದ ಎಚ್ಚರಿಕೆ. ಕೆಟ್ಟ ಸೆಕ್ಟರ್‌ಗಳನ್ನು (ಡಿಸ್ಕಿನ ಹಾಳಾದ ಚಿಕ್ಕಚಿಕ್ಕ ಭಾಗಗಳನ್ನು) ಬದಲಿಸಿದ ಲೆಕ್ಕ ಸೊನ್ನೆ ಇರಬೇಕಾದ ಕಡೆ ದೊಡ್ಡದೇ ಒಂದು ಸಂಖ್ಯೆ. ಸಾಯುತ್ತಿದ್ದ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಇನ್ನಷ್ಟು ದುಡಿಸಿದ್ದೆ ನಾನು. ಈ ಐದು ನಿಮಿಷದ ಪರೀಕ್ಷೆ ಮೊದಲೇ ಮಾಡಬೇಕಿತ್ತು.

ಹಾರ್ಡ್ ಡಿಸ್ಕ್ ಒಳಗೆ ತಟ್ಟೆ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ, ಓದುವ ಮುಳ್ಳು ಅತ್ತಿಂದಿತ್ತ ಓಡಾಡುತ್ತದೆ. ವಿಂಡೋಸ್ ಏಳುವಾಗ ಸಾವಿರಾರು ಚಿಕ್ಕಚಿಕ್ಕ ಫೈಲ್ ಓದಬೇಕು. ಮುಳ್ಳು ಸೆಕೆಂಡಿಗೆ ಹೆಚ್ಚೆಂದರೆ ನೂರು ನೂರೈವತ್ತು ಜಾಗ ಮುಟ್ಟೀತು. ಎಸ್‌ಎಸ್‌ಡಿಯಲ್ಲಿ ತಿರುಗುವ ವಸ್ತುವೇ ಇಲ್ಲ. ಅದು ಸೆಕೆಂಡಿಗೆ ಸಾವಿರಗಟ್ಟಲೆ ಜಾಗದಿಂದ ಓದುತ್ತದೆ.

240 ಜಿಬಿಯ ಸಾಟಾ (ಹಾರ್ಡ್ ಡಿಸ್ಕಿನ ಅದೇ ಕೇಬಲ್ಲಿಗೆ ಹೊಂದುವ) ಎಸ್‌ಎಸ್‌ಡಿ ತಂದೆ. ಹಳೇ ಡಿಸ್ಕನ್ನು ಹಾಗೇ ಕ್ಲೋನ್ (ಯಥಾವತ್ ನಕಲು) ಮಾಡಲು ಹೋದರೆ ಕೆಟ್ಟ ಸೆಕ್ಟರ್ ಸಿಕ್ಕು ಅರ್ಧಕ್ಕೇ ನಿಂತಿತು. ಹೊಸದಾಗಿಯೇ ವಿಂಡೋಸ್ ಹಾಕಿದೆ. 38 ಸೆಕೆಂಡ್! ಇದಾಗಿ ತಿಂಗಳುಗಳೇ ಕಳೆದರೂ 45 ದಾಟಿಲ್ಲ. ಅಪ್ಪ ಈಗ ಕುರ್ಚಿಯಲ್ಲಿ ಕೂತೇ ಬಟನ್ ಒತ್ತುತ್ತಾರೆ.

ಹಾಗಂತ ಉಳಿದೆರಡು ದಂಡ ಅಲ್ಲ. ವೈರಸ್ ಹೊಕ್ಕಿದ್ದರೆ, ವಿಂಡೋಸ್ ಫೈಲುಗಳೇ ಕೆಟ್ಟಿದ್ದರೆ ಫಾರ್ಮ್ಯಾಟೇ ದಾರಿ. ಬೇಗ ಆನ್ ಆಗಿ ಆಮೇಲೆ ಏದುಸಿರು ಬಿಡುತ್ತಿದ್ದರೆ ರ‍್ಯಾಮ್. ಪ್ರತಿ ಸಲ ತಾರೀಖು ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡಿನ ಸಿಆರ್2032 ಸೆಲ್ ಬದಲಿಸಿ. ಆ 3 ವೋಲ್ಟಿನ ಬಿಲ್ಲೆ ಸೆಲ್ ವಾಚ್ ಅಂಗಡಿಯಲ್ಲೂ ಸಿಗುತ್ತದೆ.

ಹಳೇ ಕಂಪ್ಯೂಟರ್‌ಗೆ ದುಡ್ಡು ಹಾಕುವ ಮುಂಚೆ ಇನ್ನೊಂದು ಯೋಚಿಸಿ. ವಿಂಡೋಸ್ 10ರ ಮಾಮೂಲಿ ಬೆಂಬಲ (ಸುರಕ್ಷತೆಯ ಅಪ್‌ಡೇಟ್‌ಗಳು ಬರುವುದು) 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನಮ್ಮ ಐ3 ವಿಂಡೋಸ್ 11ಕ್ಕೆ ಹೊಂದುವ ಪ್ರೊಸೆಸರ್‌ಗಳ ಪಟ್ಟಿಯಲ್ಲಿ ಇಲ್ಲ. ಬ್ಯಾಂಕಿನ ಕೆಲಸ ಇದರಲ್ಲಿ ನಿಲ್ಲಿಸಿದ್ದೇವೆ. ಮುಂದೆ ಬೇರೆ ಕಂಪ್ಯೂಟರ್ ತಗೊಂಡರೆ ಈ ಎಸ್‌ಎಸ್‌ಡಿ ಬಿಚ್ಚಿ ಅದಕ್ಕೆ ಹಾಕಿಕೊಳ್ಳಬಹುದು. ಆ ರ‍್ಯಾಮ್ ಮಾತ್ರ ಇಲ್ಲೇ ಉಳಿಯಬೇಕು. ಡಿಡಿಆರ್3 ಈಗಿನ ಬೋರ್ಡುಗಳಲ್ಲಿ ಕೂರುವುದೇ ಇಲ್ಲ.