ಹಿಂಬದಿ ತಿರುಗಿಸಿ ನೋಡದೆ ಕಸೂತಿ ಸೀರೆಗೆ ದುಡ್ಡು ಕೊಡಬೇಡಿ

ಮೂರು ವಾರದಿಂದ ಇದನ್ನು ಬರೆಯಲು ಕುಳಿತು ನಾಚಿಕೆಯಾಗಿ ಎದ್ದು ಹೋಗುತ್ತಿದ್ದೆ. ಕಚೇರಿಯಲ್ಲಿ ಹತ್ತು ಜನರ ಲೆಕ್ಕ ತಪಾಸಣೆ ಮಾಡುವವಳು ಹೀಗೆ ಟೋಪಿ ಹಾಕಿಸಿಕೊಂಡಳೇ ಎಂದು ನೀವು ನಗಬಹುದು. ನಗಿ. ಆದರೆ ಹಾಸನದಲ್ಲಿ ನಿಮ್ಮ ಮನೆಯ ಟ್ರಂಕಿನಲ್ಲೂ ಹಳೆಯ ಕಸೂತಿ ಸೀರೆ ಇದ್ದರೆ, ಓದಿ ಮುಗಿಸಿ ನಗಿ.

ಅಜ್ಜಿ ಧಾರವಾಡದ ಕಡೆಯವರು, ಮದುವೆಯಾಗಿ ಹಾಸನಕ್ಕೆ ಬಂದವರು. ಅವರ ಚಂದ್ರಕಾಳಿ ಸೀರೆ ಕಪ್ಪು ರೇಷ್ಮೆಯದು, ಸೆರಗಿನಲ್ಲಿ ಅವರೇ ಹಾಕಿದ ಕಸೂತಿ: ಗೋಪುರ, ರಥ, ತುಳಸಿಕಟ್ಟೆ, ಕೆಳಗೆ ಒಂಬತ್ತು ಆನೆಗಳ ಸಾಲು. ಬಲ್ಲವರಿಗೆ ಹೇಳಬೇಕಾಗಿಲ್ಲ, ಕಸೂತಿಯನ್ನು ಬಟ್ಟೆಯ ಮೇಲೆ ಗೆರೆ ಬರೆದುಕೊಂಡು ಹಾಕುವುದಿಲ್ಲ. ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು, ಗಂಟು ಹಾಕುವಂತಿಲ್ಲ. ಗವಂತಿ, ಮುರಗಿ ಹೊಲಿಗೆಯಲ್ಲಿ ಮುಂದೆ ಹೇಗೋ ಹಿಂದೆಯೂ ಹಾಗೆಯೇ. ನಮ್ಮ ಸಾಲಿನ ಐದನೆಯ ಆನೆಗೆ ಮೂರೇ ಕಾಲು. ಎಣಿಕೆ ತಪ್ಪಿತಂತೆ, ಬಿಚ್ಚಲು ಬೇಸರವಾಗಿ ಅಜ್ಜಿ ಹಾಗೆಯೇ ಬಿಟ್ಟರಂತೆ. ಮೊಮ್ಮಕ್ಕಳೆಲ್ಲ ಸೆರಗು ಹಿಡಿದು ಕುಂಟಾನೆಯನ್ನು ಹುಡುಕುವುದೇ ನಮ್ಮ ಆಟವಾಗಿತ್ತು.

ಮಡಿಕೆಯ ಗೆರೆಯಲ್ಲಿ ರೇಷ್ಮೆ ಸೀಳಿತ್ತು, ಎರಡು ಮೂರು ಕಡೆ ಹುಳ ಹೊಡೆದಿತ್ತು. ತಂಗಿಯ ಮಗಳ ಮದುವೆಗೆ ಸರಿ ಮಾಡಿಸೋಣ ಎಂದು ಬಿ.ಎಂ. ರಸ್ತೆಯ ಆಚೆ ಒಂದು ಅಂಗಡಿಗೆ ಕೊಟ್ಟೆ. ಹೆಸರು ಬರೆಯುವುದಿಲ್ಲ. ಮಾತು ಎಷ್ಟು ನಯ! ಕಸೂತಿಗೆ ಭೌಗೋಳಿಕ ಸೂಚಿಕೆಯ, ಅಂದರೆ ಅದು ಆ ಸೀಮೆಯದೇ ಕಲೆ ಎಂಬ ಜಿ.ಐ. ಮಾನ್ಯತೆ ಇದೆ ಎಂದು ಆತನೇ ನನಗೆ ಪಾಠ ಮಾಡಿದ. "ಧಾರವಾಡದ ಹೆಂಗಸರ ಕೈಯಲ್ಲೇ ಮಾಡಿಸುತ್ತೇವೆ, ಹಳೆಯ ಹೊಲಿಗೆಯನ್ನು ಮುಟ್ಟುವುದೇ ಇಲ್ಲ" ಎಂದ. 6,500 ರೂಪಾಯಿ, ಮುಂಗಡ 4,000. ಚೀಟಿಯಲ್ಲಿ ಬರೆದದ್ದು ‘ಸೀರೆ 1, ರಿಪೇರಿ’. ಅಷ್ಟೇ. ಲೆಕ್ಕ ನೋಡುವವಳು ಆ ಚೀಟಿಯನ್ನು ಮಡಿಸಿ ಪರ್ಸಿನಲ್ಲಿಟ್ಟುಕೊಂಡು ಬಂದೆ.

ಆಮೇಲೆ ಶುರುವಾಯಿತು. ಹಾಸನಾಂಬೆಯ ಬಾಗಿಲು ತೆರೆದಿದೆ, ಊರೆಲ್ಲ ಜನ, ದರ್ಶನ ಮುಗಿಯಲಿ ಮೇಡಂ. ದರ್ಶನ ಮುಗಿದು ದೇವಿಯ ಬಾಗಿಲು ಹಾಕಿಯೂ ಆಯಿತು. ಕೆಲಸದವರಿಗೆ ಜ್ವರ ಮೇಡಂ. ಕೊನೆಗೆ ಒಂದು ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ಕರೆ ಬಂತು, ಬೇಗ ಬನ್ನಿ ಎಂದು. ಸೀರೆ ಪ್ಲಾಸ್ಟಿಕ್ ಕವರಿನೊಳಗೆ, ಸೆರಗಿನ ಮುಂಬದಿ ಮೇಲಾಗಿ ಮಡಚಿ ಕುಳಿತಿತ್ತು. ಟ್ಯೂಬ್‌ಲೈಟಿನಲ್ಲಿ ಮಿರಿಮಿರಿ ಮಿಂಚಿತು. ಕವರ್ ತೆರೆಯಲಿಲ್ಲ. ಬಾಕಿ ಹಣ ಕೊಟ್ಟೆ, ಕೈಮುಗಿದೆ, ಹುಡುಗನಿಗೆ ಕಾಫಿಗೆಂದು ನೂರು ರೂಪಾಯಿ ಬೇರೆ ಕೊಟ್ಟೆ. ಆ ನೂರು ರೂಪಾಯಿ ನೆನೆದರೆ ಈಗಲೂ ಮೈ ಉರಿಯುತ್ತದೆ.

ಅಮ್ಮನಿಗೆ ಕಣ್ಣು ಮಂದ. ಸೆರಗಿನ ಅಡಿಗೆ ಕೈ ತೂರಿಸಿ ಸವರಿದರು. ಕೈ ನಿಂತಿತು. "ಇದೇನೇ, ಗಂಟು?"

ತಿರುಗಿಸಿದೆ. ಹಿಂದೆಲ್ಲ ಬಿಳಿ ಫ್ಯೂಸಿಂಗ್ ಬಟ್ಟೆ, ಇಸ್ತ್ರಿಯಿಂದ ಅಂಟಿಸಿದ್ದು, ರಟ್ಟಿನಂತೆ ಸೆಟೆದಿತ್ತು. ಅದರ ಮೇಲೆ ಮಿಷನ್ ನೂಲಿನ ಸಿಕ್ಕು. ಮೂರು ಆನೆಗಳನ್ನು ಬ್ಲೇಡಿನಿಂದ ಕಿತ್ತು ಪಾಲಿಯೆಸ್ಟರ್ ನೂಲಿನಲ್ಲಿ ಹೊಸದಾಗಿ ಹೊಡೆದಿದ್ದರು. ಒಂದರ ಸೊಂಡಿಲಿನ ಬದಿಯಲ್ಲಿ ಅಜ್ಜಿಯ ಕೆಂಪು ರೇಷ್ಮೆಯ ಚೂರೊಂದು ಇನ್ನೂ ಸಿಕ್ಕಿಕೊಂಡಿತ್ತು. ನೀರಿಗೂ ಹಾಕಿದ್ದರು: ತುಳಸಿಕಟ್ಟೆಯ ಬಿಳಿ ನೂಲಿಗೆ ಕೆಂಪು ಬಣ್ಣ ಇಳಿದು ಗುಲಾಬಿಯಾಗಿತ್ತು.

ಮರುದಿನ ಓಡಿದೆ. ಕೈಹೊಲಿಗೆ ಎಂದಿದ್ದಿರಲ್ಲ? "ಮಿಷನ್ ನಡೆಸುವುದೂ ಕೈಯೇ ಮೇಡಂ." ಹಿಂದೆ ನೋಡಿ! "ಹಿಂಬದಿಯನ್ನು ಯಾರು ನೋಡುತ್ತಾರೆ?" ಹಿಂಬದಿಯನ್ನು ಯಾರು ನೋಡುತ್ತಾರೆ ಎಂದು, ಕಸೂತಿಯ ಬಗ್ಗೆ ನನಗೆ ಪಾಠ ಮಾಡಿದ ಅದೇ ಬಾಯಿ! ಕಿತ್ತ ನೂಲನ್ನಾದರೂ ಕೊಡಿ ಎಂದೆ. ಕಸ ಗುಡಿಸಿ ಹಾಕಿದರಂತೆ. ಚೀಟಿ ತೋರಿಸಿದರೆ, "ಇದರಲ್ಲಿ ಕಸೂತಿ ಎಂದು ಎಲ್ಲಿದೆ ತೋರಿಸಿ." ನಾನು ಸುಮ್ಮನಾದದ್ದು ನೋಡಿ ಉಪಕಾರ ಮಾಡಿದವನ ಧಾಟಿಯಲ್ಲಿ ಒಂದು ಮಾತು ಸೇರಿಸಿದ: "ಒಂದು ಆನೆಗೆ ಒಂದು ಕಾಲೇ ಇರಲಿಲ್ಲ, ಅದನ್ನೂ ಹಾಕಿಸಿದ್ದೇನೆ. ಅದಕ್ಕೆ ದುಡ್ಡು ಹಿಡಿದಿಲ್ಲ."

ಮನೆಗೆ ಬಂದು ಎಣಿಸಿದೆ. ಐದನೆಯದಕ್ಕೆ ನಾಲ್ಕು ಕಾಲು.

ವಾಟ್ಸಾಪಿನಲ್ಲಿ ಹಿಂಬದಿಯ ಫೋಟೋ ಕಳಿಸಿದರೆ ಕೈಮುಗಿದ ಚಿತ್ರವೊಂದು ಬಂತು. ಆಮೇಲೆ ನನ್ನ ನಂಬರನ್ನೇ ಬ್ಲಾಕ್ ಮಾಡಿದ.

ಕೊಡುವ ಮೊದಲು ಎರಡೂ ಬದಿಯ ಫೋಟೋ ತೆಗೆದುಕೊಳ್ಳಿ. ಕೈಹೊಲಿಗೆ, ಹಳೆಯ ನೂಲು ಕೀಳಬಾರದು, ಅಂಟು ಬೇಡ, ನೀರು ಬೇಡ ಎಂದು ಚೀಟಿಯಲ್ಲಿ ಬರೆಸಿ, ಬರೆಯಲು ಹಿಂದೇಟು ಹಾಕಿದರೆ ಎದ್ದು ಬನ್ನಿ. ಹಗಲು ಹೊತ್ತಿನಲ್ಲಿ, ಅಂಗಡಿಯ ಹೊರಗೆ ಬಿಚ್ಚಿ ತಿರುಗಿಸಿ ನೋಡಿ. ನಯವಾಗಿ ಮಾತನಾಡುವವರನ್ನಂತೂ ನಾನಿನ್ನು ನಂಬುವುದಿಲ್ಲ.

ಉಳಿದ ಆರು ಆನೆಗಳ ಬೆನ್ನಿಗೂ ಆ ಅಂಟು ಹಿಡಿದಿದೆ. ಎಳೆದರೆ ರೇಷ್ಮೆಯೂ ಕಿತ್ತು ಬರುತ್ತದೆ. ಅದನ್ನು ಬಿಡಿಸಬಲ್ಲವರು ಧಾರವಾಡ, ಹುಬ್ಬಳ್ಳಿ ಕಡೆ ಯಾರಾದರೂ ಗೊತ್ತಿದ್ದರೆ ತಿಳಿಸಿ. ಸೀರೆಯನ್ನು ಕಳಿಸುವುದಿಲ್ಲ, ನಾನೇ ಹೊತ್ತು ತಂದು ಪಕ್ಕದಲ್ಲಿ ಕುಳಿತುಕೊಳ್ಳುತ್ತೇನೆ.