6.40ರ ಬಸ್ಸು ಮತ್ತು ತಾಲ್ಲೂಕು ನ್ಯಾಯಾಲಯ: ನಾಲ್ಕು ವರ್ಷ ಬಳಸಿದ ಎರಡು ಸೇವೆಗಳ ವಿಮರ್ಶೆ

ನಮ್ಮ ಊರಿನಿಂದ ತಾಲ್ಲೂಕು ಕೇಂದ್ರಕ್ಕೆ 38 ಕಿಲೋಮೀಟರ್. ರಾತ್ರಿ ಒಂಬತ್ತಕ್ಕೆ ಬಂದು ಅರಳಿಕಟ್ಟೆಯ ಪಕ್ಕದಲ್ಲಿ ತಂಗುವ ಸರ್ಕಾರಿ ಬಸ್ಸು ಬೆಳಿಗ್ಗೆ 6.40ಕ್ಕೆ ಹೊರಡುತ್ತದೆ, ಅದು ತಪ್ಪಿದರೆ ಮುಂದಿನದು 11.15ಕ್ಕೆ. ನ್ಯಾಯಾಲಯದ ಕಲಾಪ ಶುರುವಾಗುವುದು 11 ಗಂಟೆಗೆ. ಈ ಮೂರು ಸಮಯಗಳ ನಡುವೆ ನಮ್ಮ ಮನೆಯ ನಾಲ್ಕು ವರ್ಷಗಳು ಕಳೆದುವು. ಅಮ್ಮನ ಹೆಸರಿನಲ್ಲಿರುವ ಜಮೀನಿನ ಗಡಿಯ ವ್ಯಾಜ್ಯಕ್ಕಾಗಿ 2021ರಿಂದ 2024ರ ಡಿಸೆಂಬರ್‌ವರೆಗೆ ನಾವಿಬ್ಬರೂ ನಲವತ್ತಕ್ಕೂ ಹೆಚ್ಚು ಸಲ ಈ ಬಸ್ಸಿನಲ್ಲಿ ಹೋಗಿ ಬಂದಿದ್ದೇವೆ. ಆದ್ದರಿಂದ ಗ್ರಾಮೀಣ ಸಾರಿಗೆ ಮತ್ತು ವ್ಯಾಜ್ಯಗಳನ್ನು ರಾಜಿಯಲ್ಲಿ ಮುಗಿಸುವ ಲೋಕ ಅದಾಲತ್ ಎಂಬ ಎರಡು ಸಾರ್ವಜನಿಕ ಸೇವೆಗಳನ್ನು ಇಲ್ಲಿ ಒಟ್ಟಿಗೇ ವಿಮರ್ಶಿಸುತ್ತಿದ್ದೇನೆ. ಹಳ್ಳಿಯವರ ಪಾಲಿಗೆ ನ್ಯಾಯಾಲಯದ ಮೊದಲ ಮೆಟ್ಟಿಲು ಬಸ್ಸಿನ ಫುಟ್‌ಬೋರ್ಡೇ ಆಗಿರುವುದರಿಂದ ಒಂದನ್ನು ಬಿಟ್ಟು ಇನ್ನೊಂದಕ್ಕೆ ಬೆಲೆ ಕಟ್ಟಲು ನನಗೆ ಸಾಧ್ಯವಾಗಲಿಲ್ಲ.

ಮೊದಲು ಬಸ್ಸಿನ ವಿಷಯ. ಗಾಡಿ ಹಳೆಯದು, ಕಿಟಕಿಯ ಗಾಜುಗಳು ದಾರಿಯುದ್ದಕ್ಕೂ ಸದ್ದು ಮಾಡುತ್ತವೆ, ಮಳೆಗಾಲದಲ್ಲಿ ಹಿಂದಿನ ಎರಡು ಸಾಲುಗಳಲ್ಲಿ ಚಾವಣಿಯಿಂದ ನೀರು ಸೋರುತ್ತದೆ. ಹೀಗಿದ್ದರೂ ಈ ಸೇವೆಯ ಗುಣ ಗಾಡಿಯಲ್ಲಿ ಇಲ್ಲ, ಅದನ್ನು ನಡೆಸುವವರಲ್ಲಿದೆ. ದಾರಿಯಲ್ಲಿ ಸಿಗುವ ಹದಿನಾಲ್ಕು ನಿಲುಗಡೆಗಳಲ್ಲಿ ಯಾವ ಊರಿನ ಯಾವ ಮಗು ಎಷ್ಟು ಗಂಟೆಯ ಶಾಲೆಗೆ ಹೋಗಬೇಕು, ಯಾವ ಅಜ್ಜಿ ವಾರಕ್ಕೊಮ್ಮೆ ಆಸ್ಪತ್ರೆಗೆ ಬರುತ್ತಾರೆ ಎಂಬುದೆಲ್ಲ ಕಂಡಕ್ಟರಿಗೆ ಗೊತ್ತಿರುತ್ತದೆ. ವಾಯಿದೆಯ ದಿನ ಅಮ್ಮನ ಕೈಯಲ್ಲಿ ಪಹಣಿ ಮತ್ತು ನಕ್ಷೆಗಳಿದ್ದ ಬಟ್ಟೆಯ ಚೀಲ ಕಂಡರೆ ಸಾಕು, "ಕೋರ್ಟಿನ ಮುಂದೆಯೇ ನಿಲ್ಲಿಸುತ್ತೇವೆ, ನೀವು ಕೂತಿರಿ ಅಮ್ಮಾ" ಎಂದು ಅವರು ಹೇಳುತ್ತಿದ್ದರು. ಬಸ್ ನಿಲ್ದಾಣದಿಂದ ನ್ಯಾಯಾಲಯಕ್ಕೆ ಮುಕ್ಕಾಲು ಕಿಲೋಮೀಟರ್ ಏರುದಾರಿ. ಮಂಡಿನೋವಿನ ಅರವತ್ತೆಂಟರ ಹೆಂಗಸಿಗೆ ಅದು ಸಣ್ಣ ಉಪಕಾರವಾಗಿರಲಿಲ್ಲ. ರಾತ್ರಿ ಬಸ್ಸಿನಲ್ಲೇ ಮಲಗಿ, ಊರಿನ ಬೋರ್‌ವೆಲ್ ನೀರಿನಲ್ಲಿ ಮುಖ ತೊಳೆದು, ಬೆಳಿಗ್ಗೆ ಎಂಜಿನ್ ಚಾಲೂ ಮಾಡುವ ಚಾಲಕರಿಗೆ ಶೌಚಾಲಯವಿರುವ ಒಂದು ಕೋಣೆಯನ್ನು ನಮ್ಮ ಪಂಚಾಯಿತಿ ಇಂದಿಗೂ ಒದಗಿಸಿಲ್ಲ ಎಂಬುದನ್ನು ಇಲ್ಲಿಯೇ ದಾಖಲಿಸಬೇಕು, ಏಕೆಂದರೆ ಅದು ನಮ್ಮ ಊರಿನವರ ಲೋಪ.

2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ಅಮ್ಮನಿಗೆ ಟಿಕೆಟ್ ಖರ್ಚು ಉಳಿಯಿತು. ರಾಜ್ಯದ ನಾಲ್ಕೂ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರು ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಪಡೆಯುತ್ತಾರೆ. ಆ ಟಿಕೆಟ್ಟಿನ ಮೌಲ್ಯವನ್ನು ಸರ್ಕಾರ ನಿಗಮಗಳಿಗೆ ಭರಿಸಬೇಕು. 2025ರ ಜುಲೈ ವೇಳೆಗೆ ಇಂಥ ಪ್ರಯಾಣಗಳ ಸಂಖ್ಯೆ 500 ಕೋಟಿ ದಾಟಿತು. ಈ ಯೋಜನೆಯನ್ನು ಪುಕ್ಕಟೆ ಓಡಾಟವೆಂದು ಹೀಗಳೆಯುವವರು ನಮ್ಮ ತಾಲ್ಲೂಕು ನ್ಯಾಯಾಲಯದ ಪಡಸಾಲೆಯಲ್ಲಿ ಒಂದು ಬೆಳಗು ಕೂತು ನೋಡಬೇಕೆಂದು ನಾನು ಮನಸ್ಸಿನಿಂದ ಕೇಳಿಕೊಳ್ಳುತ್ತೇನೆ. ಜೀವನಾಂಶದ ಅರ್ಜಿ ಹಾಕಿದ ಹೆಣ್ಣುಮಕ್ಕಳು ಮೊದಲು ಅಣ್ಣನನ್ನೋ ಮಾವನನ್ನೋ ಬಸ್ ಚಾರ್ಜಿಗಾಗಿ ಕೇಳಿ ಬರುತ್ತಿದ್ದರು. ಹಣ ಕೊಟ್ಟವರು ರಾಜಿ ಮಾಡಿಕೋ ಎಂದರೆ ಅವರಿಗೆ ಇಲ್ಲವೆನ್ನಲು ಆಗುತ್ತಿರಲಿಲ್ಲ. ಈಗ ಅವರು ತಾವಾಗಿಯೇ ಬರುವುದನ್ನು ನಾನು ಕಂಡಿದ್ದೇನೆ. ಪ್ರಯಾಣಿಕರು ಹೆಚ್ಚಿದಷ್ಟು ಬಸ್ಸುಗಳು ನಮ್ಮ ಮಾರ್ಗದಲ್ಲಿ ಹೆಚ್ಚಲಿಲ್ಲ ಎಂಬುದೂ ಅಷ್ಟೇ ನಿಜ. ಐವತ್ತು ಆಸನಗಳ ಗಾಡಿಯಲ್ಲಿ ತೊಂಬತ್ತು ಜನ ನಿಂತ ದಿನಗಳಿವೆ. ಬಾಗಿಲಲ್ಲಿ ಜೋತುಬಿದ್ದ ಕಾಲೇಜು ಹುಡುಗರನ್ನು ನೆನೆದರೆ ಈಗಲೂ ಭಯವಾಗುತ್ತದೆ.

ಇನ್ನು ಈ ಸೇವೆ ನಮಗೆ ಕೈಕೊಟ್ಟ ದಿನದ ಮಾತು. 2022ರ ಮಾರ್ಚ್ ಕೊನೆಯ ವಾರದಲ್ಲಿ ಅಮ್ಮನ ಪಾಟೀ ಸವಾಲಿಗೆ ವಾಯಿದೆ ನಿಗದಿಯಾಗಿತ್ತು. ಹಿಂದಿನ ರಾತ್ರಿ ಬಸ್ಸು ಬರಲೇ ಇಲ್ಲ. ತಡವಾಗಿ ಬಂದಿರಬಹುದೆಂದು ನಂಬಿ ಬೆಳಿಗ್ಗೆ ಆರಕ್ಕೇ ಕಟ್ಟೆಯ ಬಳಿ ಹೋದೆವು. ಏಳೂವರೆಯವರೆಗೆ ಕಾದು, ತರಕಾರಿ ತುಂಬಿಕೊಂಡು ಹೊರಟಿದ್ದ ಲಗೇಜ್ ಆಟೊವೊಂದನ್ನು ಬೇಡಿಕೊಂಡು ಹತ್ತಿ ಹೆದ್ದಾರಿಗೆ ಬಂದೆವು. ಅಲ್ಲಿ ಎರಡು ಖಾಸಗಿ ಬಸ್ಸುಗಳು ನಿಲ್ಲಿಸದೆ ಹೋದುವು. ನ್ಯಾಯಾಲಯ ತಲುಪಿದಾಗ ಮಧ್ಯಾಹ್ನ ಹನ್ನೆರಡೂ ಇಪ್ಪತ್ತು. ಹೆಸರು ಮೂರು ಸಲ ಕೂಗಿ ಆಗಿತ್ತು. ಎದುರು ಪಕ್ಷದ ವಕೀಲರು ಸಿದ್ಧರಾಗಿ ಬಂದಿದ್ದರು, ಹಿಂದೆಯೂ ಒಮ್ಮೆ ನಾವೇ ಕಾಲಾವಕಾಶ ಕೇಳಿದ್ದೆವು. ಹಾಗಾಗಿ 500 ರೂಪಾಯಿ ವೆಚ್ಚ ವಿಧಿಸಿ ಪ್ರಕರಣವನ್ನು ಮುಂದೂಡಲಾಗಿತ್ತು. ಸಿವಿಲ್ ಪ್ರಕ್ರಿಯಾ ಸಂಹಿತೆಯ 17ನೇ ಆದೇಶದಂತೆ ಒಬ್ಬ ಪಕ್ಷಗಾರನಿಗೆ ವಿಚಾರಣೆಯ ವೇಳೆ ಮೂರಕ್ಕಿಂತ ಹೆಚ್ಚು ಮುಂದೂಡಿಕೆ ಕೊಡುವಂತಿಲ್ಲ. ನ್ಯಾಯಾಧೀಶರು ಮಾಡಿದ್ದು ಸರಿಯಾಗಿಯೇ ಇತ್ತು. ಅಮ್ಮ ಮಾತ್ರ ಹಿಂದಿರುಗುವಾಗ ದಾರಿಯುದ್ದಕ್ಕೂ "ನಾನು ಬಂದಿದ್ದೆನಲ್ಲಪ್ಪ, ನಾನು ಬಂದಿದ್ದೆ" ಎಂದು ಅದೊಂದನ್ನೇ ಹೇಳುತ್ತಿದ್ದರು.

ಮರುದಿನ ಡಿಪೋಗೆ ಹೋಗಿ ವಿಚಾರಿಸಿದೆ. ಅಲ್ಲಿದ್ದ ನೌಕರರು ಸಿಡುಕದೆ ಕಾರಣ ತಿಳಿಸಿದರು: ಡಿಪೋದ ಟ್ಯಾಂಕಿಗೆ ಡೀಸೆಲ್ ತರಿಸುವುದು ನಿಂತಿದೆ, ಬಸ್ಸುಗಳು ಊರಿನ ಬಂಕ್‌ಗಳಲ್ಲಿ ಸಾಲು ನಿಂತು ತುಂಬಿಸಿಕೊಳ್ಳಬೇಕಾಗಿದೆ, ಸರದಿ ಸಿಗದ ಗಾಡಿಗಳ ಟ್ರಿಪ್ ರದ್ದಾಗುತ್ತಿದೆ. ಆ ಉತ್ತರದ ಬೆನ್ನು ಹಿಡಿದು ಹೋದಾಗ ನಾನು ಉಕ್ರೇನಿನವರೆಗೆ ಹೋಗಬೇಕಾಯಿತು.

2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ದಾಳಿ ನಡೆಸಿತು. ಮಾರ್ಚ್ ಮೊದಲ ವಾರದಲ್ಲಿಯೇ ಕಚ್ಚಾ ತೈಲದ ಬೆಲೆ ಬ್ಯಾರೆಲ್‌ಗೆ 120 ಡಾಲರ್ ದಾಟಿತು. ನಮ್ಮಲ್ಲಿ 2021ರ ನವೆಂಬರ್‌ನಿಂದ ಬಂಕ್‌ಗಳ ಚಿಲ್ಲರೆ ದರ ಅಲುಗಾಡದೆ ನಿಂತಿತ್ತು. ತೈಲ ಕಂಪನಿಗಳು ಸಗಟು ಖರೀದಿದಾರರ ಡೀಸೆಲ್ ದರವನ್ನು ಮಾತ್ರ ಲೀಟರಿಗೆ ಸುಮಾರು 25 ರೂಪಾಯಿ ಏರಿಸಿದುವು. ಸಾರಿಗೆ ನಿಗಮಗಳು 2013ರ ಜನವರಿಯಿಂದಲೇ ಸಗಟು ಖರೀದಿದಾರರ ಪಟ್ಟಿಯಲ್ಲಿವೆ. ಹೀಗಾಗಿ ಕಾರಿಟ್ಟುಕೊಂಡವರು ಕೊಡುವ ಬೆಲೆಗಿಂತ ಹೆಚ್ಚಿನ ಬೆಲೆಯನ್ನು ಹಳ್ಳಿಯ ಬಸ್ಸು ಕೊಡಬೇಕಾದ ಸ್ಥಿತಿ ಬಂದು, ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳ ನಿಗಮಗಳು ಚಿಲ್ಲರೆ ಬಂಕ್‌ಗಳ ಕಡೆ ತಿರುಗಿದುವು. ಲೀಟರಿಗೆ ಸುಮಾರು ಐದು ಕಿಲೋಮೀಟರ್ ಓಡುವ ಬಸ್ಸು ನಮ್ಮ 38 ಕಿಲೋಮೀಟರಿಗೆ ಏಳೂವರೆ ಲೀಟರಿಗಿಂತ ತುಸು ಹೆಚ್ಚು ಡೀಸೆಲ್ ಕುಡಿಯುತ್ತದೆ. 25 ರೂಪಾಯಿಯ ಏರಿಕೆಯೆಂದರೆ ಒಂದು ಟ್ರಿಪ್ಪಿಗೆ 190 ರೂಪಾಯಿಯ ಹೆಚ್ಚುವರಿ ಹೊರೆ. ಎರಡು ದೊಡ್ಡ ಬಣಗಳ ಜಗಳದ ಬೆಲೆಯಲ್ಲಿ ಒಂದು ಪಾಲನ್ನು ನಮ್ಮ ಅರಳಿಕಟ್ಟೆಯ ಬಸ್ಸೂ, ಆ 500 ರೂಪಾಯಿಯ ಮೂಲಕ ಅಮ್ಮನೂ ತೆತ್ತರು. ಇದನ್ನು ಉತ್ಪ್ರೇಕ್ಷೆಯೆಂದು ಯಾರಾದರೂ ಅಂದರೆ, ಆ ವಾರ ನಮ್ಮ ಕಟ್ಟೆಯ ಬಳಿ ನಿಂತಿದ್ದವರನ್ನು ಅವರು ಕೇಳಬಹುದು.

ಅಲ್ಲಿಂದ ಮುಂದೆ ದೂರದ ಸುದ್ದಿಗಳನ್ನು ನಾನು ನಮ್ಮ ಬಸ್ಸಿನ ಸುದ್ದಿಯೆಂದೇ ಓದುತ್ತಾ ಬಂದಿದ್ದೇನೆ. ತನಗೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಪಾಲನ್ನು ಹೊರಗಿನಿಂದ ತರಿಸುವ ದೇಶ ನಮ್ಮದು. ಯುದ್ಧಕ್ಕೆ ಮೊದಲು ಅದರಲ್ಲಿ ರಷ್ಯಾದ ಪಾಲು ನೂರಕ್ಕೆ ಎರಡರಷ್ಟಿತ್ತು. ಪಶ್ಚಿಮದ ದೇಶಗಳು ಕೊಳ್ಳುವುದನ್ನು ಬಿಟ್ಟ ತೈಲ ರಿಯಾಯಿತಿಯಲ್ಲಿ ಸಿಗತೊಡಗಿದಾಗ ಅದು ಮೂರನೆಯ ಒಂದು ಭಾಗವನ್ನೂ ಮೀರಿತು. ಭಾರತ ಅಗ್ಗದ ತೈಲ ಕೊಂಡಿದ್ದನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಆ ರಿಯಾಯಿತಿ ನಮ್ಮ ಮಾರ್ಗದವರೆಗೆ ಇಳಿದು ಬರಲಿಲ್ಲ ಎಂಬುದು ನನ್ನ ಸ್ಪಷ್ಟ ದೂರು. ರಾಜ್ಯ ಸರ್ಕಾರ ಮಾರಾಟ ತೆರಿಗೆ ಏರಿಸಿದ್ದರಿಂದ 2024ರ ಜೂನ್‌ನಲ್ಲಿ ಡೀಸೆಲ್ ಲೀಟರಿಗೆ ಸುಮಾರು 3 ರೂಪಾಯಿ, 2025ರ ಏಪ್ರಿಲ್‌ನಲ್ಲಿ 2 ರೂಪಾಯಿ ಹೆಚ್ಚಾಯಿತು. ನಡುವೆ 2025ರ ಜನವರಿ 5ರಿಂದ ಬಸ್ ಪ್ರಯಾಣ ದರ ನೂರಕ್ಕೆ 15ರಷ್ಟು ಏರಿತು. ಅಮ್ಮನಿಗೆ ಟಿಕೆಟ್ ಇಲ್ಲದಿದ್ದರೂ ಜೊತೆಗೆ ಹೋಗುವ ನನಗೆ ಇದೆ.

2025ರ ಆಗಸ್ಟ್ 27ರಂದು, ರಷ್ಯಾದ ತೈಲ ಕೊಳ್ಳುತ್ತಿರುವ ಕಾರಣಕ್ಕೆ ಅಮೆರಿಕ ಭಾರತದ ಸರಕುಗಳ ಮೇಲೆ ಹೆಚ್ಚುವರಿ ಶೇ. 25 ಸುಂಕ ಹೇರಿ ಒಟ್ಟು ಸುಂಕವನ್ನು ಶೇ. 50ಕ್ಕೆ ಒಯ್ದಾಗ, ನಮ್ಮ ಬಸ್ಸಿನ ಮಾತುಕತೆಯೇ ಬದಲಾಯಿತು. 6.40ರ ಬಸ್ಸಿನಲ್ಲಿ ಅರ್ಧದಷ್ಟು ಜನ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು. ಓವರ್‌ಟೈಮ್ ಇರುತ್ತದೆಯೋ ಇಲ್ಲವೋ, ಆರ್ಡರ್ ಬರುತ್ತದೆಯೋ ಇಲ್ಲವೋ ಎಂದು ಅವರು ಕಂಬಿ ಹಿಡಿದು ನಿಂತು ಮಾತನಾಡುತ್ತಿದ್ದರು. ಗಾಡಿಯನ್ನು ಓಡಿಸುವ ತೈಲಕ್ಕೂ ಅದರಲ್ಲಿ ಕುಳಿತವರು ಹೊಲಿಯುವ ಅಂಗಿಗೂ ಒಂದೇ ಕಡೆಯಿಂದ ಬರೆ ಬಿದ್ದಿತ್ತು. ಅದೇ ತಿಂಗಳ 5ರಂದು ಬಸ್ಸೇ ಓಡಿರಲಿಲ್ಲ: 38 ತಿಂಗಳ ವೇತನ ಪರಿಷ್ಕರಣೆಯ ಬಾಕಿಗಾಗಿ ಸಾರಿಗೆ ನೌಕರರು ಮುಷ್ಕರ ಹೂಡಿದ್ದರು. ಹೈಕೋರ್ಟಿನ ಮಧ್ಯಪ್ರವೇಶದಿಂದ ಅದು ಅಂದೇ ನಿಂತಿತು. ದುಡಿದ ಹಣವನ್ನು ಕೇಳಿದವರನ್ನು ನಾನು ದೂರಲಾರೆ.

ಎರಡನೆಯ ಸೇವೆಗೆ ಬರುತ್ತೇನೆ. ಅದು ನಮಗೆ ಗೊತ್ತಾದದ್ದೇ ಬಸ್ ನಿಲ್ದಾಣದಲ್ಲಿ. ಕುಡಿಯುವ ನೀರಿನ ತೊಟ್ಟಿಯ ಮೇಲ್ಭಾಗದಲ್ಲಿ ಕಾನೂನು ಸೇವಾ ಸಮಿತಿಯ ಫಲಕವಿತ್ತು; ಅದರ ಮೇಲೆ 15100 ಎಂಬ ಸಹಾಯವಾಣಿ ಸಂಖ್ಯೆ. ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ 1987ರದ್ದು, ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ಅದರ 12ನೇ ಕಲಮಿನ ಪ್ರಕಾರ ಯಾವುದೇ ಮಹಿಳೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವಿಗೆ ಅರ್ಹಳು. ಇದು ತಿಳಿಯುವ ಹೊತ್ತಿಗೆ ನಾವು ಒಂದು ವರ್ಷ ವಕೀಲರ ಶುಲ್ಕ ಕೊಟ್ಟಾಗಿತ್ತು. ಸಮಿತಿ ನೇಮಿಸಿದ ವಕೀಲರು ಚಿಕ್ಕ ವಯಸ್ಸಿನವರು. ಪ್ರತಿ ವಾಯಿದೆಯ ಹಿಂದಿನ ಸಂಜೆ ತಾವೇ ಫೋನ್ ಮಾಡುತ್ತಿದ್ದರು. ಪ್ರಕರಣದ 16 ಅಂಕೆ-ಅಕ್ಷರಗಳ ಸಿ.ಎನ್.ಆರ್. ಸಂಖ್ಯೆಯನ್ನು ಮೊಬೈಲಿನಲ್ಲಿ ಹಾಕಿ ಮುಂದಿನ ದಿನಾಂಕ ನೋಡಿಕೊಳ್ಳುವುದನ್ನೂ ಅವರೇ ಕಲಿಸಿದರು. ಇ-ಕೋರ್ಟ್ಸ್ ಆ್ಯಪ್‌ನಿಂದ ನಮಗೆ ವ್ಯರ್ಥ ಪ್ರಯಾಣಗಳು ಎಷ್ಟೋ ತಪ್ಪಿದುವು.

ಅವರ ಸಲಹೆಯಂತೆ ಪ್ರಕರಣ 2024ರ ಡಿಸೆಂಬರಿನ ರಾಷ್ಟ್ರೀಯ ಲೋಕ ಅದಾಲತ್‌ಗೆ ಹೋಯಿತು. ಅಂದು ನ್ಯಾಯಾಲಯದ ಆವರಣ ಜಾತ್ರೆಯಂತಿತ್ತು. ಚೆಕ್ ಬೌನ್ಸ್, ಮೋಟಾರು ಅಪಘಾತ ಪರಿಹಾರ, ಬ್ಯಾಂಕ್ ಸಾಲದ ಪ್ರಕರಣಗಳೇ ಹೆಚ್ಚು; ಅವು ನಿಮಿಷಗಳಲ್ಲಿ ಮುಗಿಯುತ್ತಿದ್ದುವು. ಆ ವೇಗ ನನಗೆ ಹಿಡಿಸಲಿಲ್ಲ. ಬ್ಯಾಂಕಿನ ಅಧಿಕಾರಿಯ ಎದುರು ಒಬ್ಬಂಟಿಯಾಗಿ ಕೂತ ರೈತರಿಗೆ ತಾವು ಸಹಿ ಹಾಕುತ್ತಿರುವ ಕಾಗದವನ್ನು ಯಾರಾದರೂ ಸಾವಧಾನವಾಗಿ ಓದಿ ಹೇಳಬೇಕು. ಲೋಕ ಅದಾಲತ್‌ನ ಐತೀರ್ಪಿನ, ಅಂದರೆ ಅಲ್ಲಿ ಬರೆದ ರಾಜಿ ತೀರ್ಪಿನ, ಮೇಲೆ ಮೇಲ್ಮನವಿ ಇಲ್ಲದ ಕಾರಣ ಈ ಸಾವಧಾನ ಇನ್ನಷ್ಟು ಅಗತ್ಯ. ನಮ್ಮ ಪ್ರಕರಣಕ್ಕೆ ಮಾತ್ರ ಸಂಧಾನಕಾರರು ಒಂದು ಗಂಟೆಗೂ ಹೆಚ್ಚು ಸಮಯ ಕೊಟ್ಟರು. ಸರ್ವೆಯವರ ಹದ್ದುಬಸ್ತು ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಕಿತ್ತುಹೋಗಿದ್ದ ಬಾಂದುಕಲ್ಲು ಇರಬೇಕಾದ ಜಾಗವನ್ನು ಇಬ್ಬರಿಗೂ ಬೆರಳಿಟ್ಟು ತೋರಿಸಿದರು. ಎದುರು ಪಕ್ಷದವರು ನನ್ನ ತಂದೆಯ ಚಿಕ್ಕಪ್ಪನ ಮಗ. ಮೂರು ಗುಂಟೆಯಲ್ಲಿ ಎರಡನ್ನು ಬಿಟ್ಟುಕೊಡಲು ಅವರು ಒಪ್ಪಿದರು, ದನ ಹೊಡೆದುಕೊಂಡು ಹೋಗಲು ದಾರಿ ಬಿಡಲು ಅಮ್ಮ ಒಪ್ಪಿದರು. ಆ ಐತೀರ್ಪು ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮ. ದಾವಾ ಹೂಡುವಾಗ ಕಟ್ಟಿದ್ದ ನ್ಯಾಯಾಲಯ ಶುಲ್ಕವೂ ಹಿಂದಿರುಗಿತು.

ಬಸ್ ರದ್ದಾದ ಬಗ್ಗೆ ನಾನು ಮೇಲಧಿಕಾರಿಗಳಿಗೆ ಎರಡು ಸಲ ಲಿಖಿತ ಅರ್ಜಿ ಕೊಟ್ಟಿದ್ದೆ. ಮೊದಲನೆಯದಕ್ಕೆ ಉತ್ತರವಿಲ್ಲ, ಊರಿನ ಅರವತ್ತು ಜನ ಸಹಿ ಹಾಕಿದ ಎರಡನೆಯದಕ್ಕೆ ಮೂರು ತಿಂಗಳ ಬಳಿಕ ಉತ್ತರ ಬಂತು, ತಂಗುವ ಬಸ್ಸು ಮತ್ತೆ ನಿಯಮಿತವಾಯಿತು. ಜನರನ್ನು ಸಾಗಿಸುವ ರಸ್ತೆ ಸಾರಿಗೆಯು ಅದೇ 1987ರ ಕಾಯಿದೆಯಡಿ ಸಾರ್ವಜನಿಕ ಉಪಯುಕ್ತ ಸೇವೆ. ಅದರ ಲೋಪಗಳನ್ನು, ಇಂಥ ಸೇವೆಗಳ ದೂರುಗಳಿಗಾಗಿಯೇ ಇರುವ ಖಾಯಂ ಲೋಕ ಅದಾಲತ್‌ಗೆ ಒಯ್ಯಬಹುದು ಎಂಬುದು ಆಗ ನನಗೆ ತಿಳಿದಿರಲಿಲ್ಲ, ಈ ಬರಹ ಓದುವವರಿಗೆ ತಿಳಿದಿರಲಿ. ನ್ಯಾಯಾಧೀಶರೇ ಹಳ್ಳಿಗಳಿಗೆ ಬಂದು ಕಲಾಪ ನಡೆಸಲು ಅವಕಾಶವಿರುವ ಗ್ರಾಮ ನ್ಯಾಯಾಲಯಗಳ ಕಾಯಿದೆ 2009ರ ಅಕ್ಟೋಬರ್ 2ರಿಂದ ಜಾರಿಯಲ್ಲಿದೆ. ನಮ್ಮ ತಾಲ್ಲೂಕಿಗೆ ಅದು ಇನ್ನೂ ಬಂದಿಲ್ಲ.

ಐದರಲ್ಲಿ ಅಂಕ ಕೊಡಬೇಕೆಂದರೆ ಲೋಕ ಅದಾಲತ್‌ಗೆ ನಾಲ್ಕು ಕೊಡುತ್ತೇನೆ. ಬಸ್ ಸಿಬ್ಬಂದಿಗೆ ಪೂರ್ತಿ ಐದು. ಬಸ್ ಸೇವೆಗೆ ಮಾತ್ರ ಎರಡೂವರೆ, ಏಕೆಂದರೆ ಟ್ರಿಪ್ ರದ್ದಾದರೆ ಹಿಂದಿನ ರಾತ್ರಿಯೇ ಊರಿಗೆ ಒಂದು ಫೋನ್ ಕರೆ ಬರುವ ವ್ಯವಸ್ಥೆ ಇಂದಿಗೂ ಇಲ್ಲ. ಅದಕ್ಕೆ ಯಾವ ದೇಶದ ಒಪ್ಪಿಗೆಯೂ ಬೇಕಿಲ್ಲ, ಡಿಪೋದ ಗೋಡೆಯ ಮೇಲೆ ಹದಿನಾಲ್ಕು ಊರುಗಳ ಹದಿನಾಲ್ಕು ಫೋನ್ ನಂಬರ್‌ಗಳನ್ನು ಬರೆದಿಟ್ಟರೆ ಸಾಕು. ನಮ್ಮ ಊರಿನ ನಂಬರನ್ನು ಚೀಟಿಯಲ್ಲಿ ಬರೆದು ಹೋದ ವಾರ ನಾನೇ ಡಿಪೋಗೆ ಕೊಟ್ಟು ಬಂದಿದ್ದೇನೆ.