ಸೆಲ್ಟಿಕ್ ಪಿಟೀಲು ಕೇಳೋದಾದರೆ ಪಕ್ಕವಾದ್ಯ ನೋಡಿ

ಫೋನಿನಲ್ಲಿ 'ಸೆಲ್ಟಿಕ್ ಫಿಡಲ್' ಅಂತ ಹುಡುಕಿದರೆ ಮೊದಲು ಸಿಗೋದು ಮಂಜು ಕವಿದ ಕಾಡಿನ ಚಿತ್ರ, ಅದರ ಹಿಂದೆ ಗಂಟೆಗಟ್ಟಲೆ ಹರಿಯುವ, ನಿದ್ದೆ ಬರಿಸುವ ಸಂಗೀತ. ಅದನ್ನು ಕೇಳಿ "ಇಷ್ಟೇನಾ?" ಅಂತ ಕೈಬಿಟ್ಟವರು ನನ್ನ ಗೆಳೆಯರಲ್ಲೇ ಬೇಕಾದಷ್ಟು ಜನ ಇದ್ದಾರೆ. ನಿಜವಾದ ಸರಕು ಬೇರೆ ಕಡೆ ಇದೆ. ಐರ್ಲೆಂಡ್, ಸ್ಕಾಟ್ಲೆಂಡ್, ಮತ್ತೆ ಸ್ಕಾಟ್ಲೆಂಡಿನಿಂದ ಹೋದವರು ನೆಲೆ ನಿಂತ ಕೆನಡಾದ ಕೇಪ್ ಬ್ರೆಟನ್ ದ್ವೀಪ. ಈ ಮೂರೂ ಕಡೆ ಹಳೆಯ ಕುಣಿತದ ಮಟ್ಟುಗಳನ್ನೇ ಹಿಡಿದುಕೊಂಡು ಇವತ್ತಿನ ಕಿವಿಗೆ ತಕ್ಕಂತೆ ನುಡಿಸುವವರಿದ್ದಾರೆ.

ಅಂಥ ನಾಲ್ಕು ಬಳಗಗಳನ್ನು ನಾನು ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಬಹಳ ಕಾಲದಿಂದ ಕೇಳುತ್ತಾ ಬಂದಿದ್ದೇನೆ. ಚಿಕ್ಕಂದಿನಲ್ಲಿ ಕರ್ನಾಟಕ ಸಂಗೀತದ ಪಾಠಕ್ಕೆ ಹೋಗುತ್ತಿದ್ದ ಕಾಲದ ಪಿಟೀಲು ಮನೆಯಲ್ಲಿದೆ, ಅದರ ಮೇಲೂ ಅವರ ಮಟ್ಟುಗಳನ್ನು ನುಡಿಸಿ ನೋಡಿದ್ದೇನೆ. ಹೋಲಿಸುವಾಗ ಎಲ್ಲರೂ ನೋಡೋದು ಪಿಟೀಲಿನವರ ಬೆರಳನ್ನು. ಅದರಲ್ಲಿ ನಾಲ್ವರೂ ಭಾರಿ ಕೈಗಳೇ. ನನ್ನ ಮಟ್ಟಿಗೆ ಇವರನ್ನು ಬೇರೆ ಮಾಡೋದು ಪಕ್ಕವಾದ್ಯ.

ಫ್ರೇಸರ್ ಮತ್ತು ಹಾಸ್: ಪಿಟೀಲಿಗೆ ಚೆಲ್ಲೋ ಜೊತೆ

ಅಲಸ್ಡೇರ್ ಫ್ರೇಸರ್ ಸ್ಕಾಟ್ಲೆಂಡಿನವರು, ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದವರು. ನಟಾಲಿ ಹಾಸ್ ಅಮೆರಿಕದವರು. ಹುಡುಗಿಯಾಗಿದ್ದಾಗ ಫ್ರೇಸರ್ ನಡೆಸುವ ಪಿಟೀಲು ಶಿಬಿರಕ್ಕೆ ಕಲಿಯೋಕೆ ಬಂದು, ಕೊನೆಗೆ ಅವರ ಜೋಡಿಯೇ ಆದರು. ಇಬ್ಬರ ಮೊದಲ ಆಲ್ಬಂ 'ಫೈರ್ ಅಂಡ್ ಗ್ರೇಸ್' 2004ರದ್ದು.

ಚೆಲ್ಲೋ ಅಂದರೆ ಪಿಟೀಲಿನದೇ ಜಾತಿಯ, ದೊಡ್ಡ ಗಾತ್ರದ, ಕೆಳಗಿನ ನಾದದ ವಾದ್ಯ. ಪಿಟೀಲಿಗೆ ಅದರ ಜೊತೆ ಅಂದರೆ ಹೊಸ ಪ್ರಯೋಗ ಅನಿಸುತ್ತೆ ಅಲ್ವಾ? ಹಾಗೇನಿಲ್ಲ. 18ನೇ ಶತಮಾನದಲ್ಲಿ ಸ್ಕಾಟ್ಲೆಂಡಿನ ಹೆಸರಾಂತ ಪಿಟೀಲುಗಾರ ನೀಲ್ ಗೌ ಕುಣಿತಕ್ಕೆ ನುಡಿಸುವಾಗ ಪಕ್ಕದಲ್ಲಿ ಚೆಲ್ಲೋ ಹಿಡಿದು ಕೂರುತ್ತಿದ್ದದ್ದು ಅವರ ಸೋದರ ಡೊನಾಲ್ಡ್. ಆಮೇಲೆ ಪಿಯಾನೊ, ಅಕಾರ್ಡಿಯನ್ ಬಂದು ಚೆಲ್ಲೋ ಮೂಲೆಗೆ ಸೇರಿತು. ಫ್ರೇಸರ್ ಮತ್ತು ಹಾಸ್ ಅದನ್ನು ಮತ್ತೆ ಎಬ್ಬಿಸಿದರು.

ಹಾಸ್ ಕೈಯಲ್ಲಿ ಚೆಲ್ಲೋ ಮೂರು ಕೆಲಸ ಮಾಡುತ್ತೆ. ಕೆಳಗಿನ ಸ್ವರ ಹಿಡಿದು ಶ್ರುತಿಯಂತೆ ನಿಲ್ಲುತ್ತೆ. ಬೇಕಾದಾಗ ಮಟ್ಟನ್ನು ತಾನೇ ತೆಗೆದುಕೊಂಡು ಹಾಡುತ್ತೆ. ಇನ್ನೊಂದು, ಕಮಾನಿನ ಹಿಡಿಯ ತುದಿಯನ್ನು ತಂತಿಯ ಮೇಲೆ ಕುಕ್ಕಿ 'ಚಕ್' ಅಂತ ಒರಟು ಸದ್ದು ತೆಗೆಯೋದು. ಅದೇ ಅವರ ಮೃದಂಗ. ಹೆಡ್‌ಫೋನಿನಲ್ಲಿ ಕೇಳಿದರೆ ಕಮಾನಿನ ಕೂದಲು ತಂತಿಗೆ ತಾಗುವುದೂ ಗೊತ್ತಾಗುತ್ತೆ. ಕೇಳುವಾಗ ಎರಡೇ ವಾದ್ಯ ಅಂತ ನಂಬೋದು ಕಷ್ಟ.

ಹೊಸಬರಿಗೆ ಇವರನ್ನೇ ನಾನು ಮೊದಲು ಹೇಳೋದು. ಒಂದೇ ತಕರಾರು. ನಿಧಾನದ ಮಟ್ಟುಗಳಲ್ಲಿ ಫ್ರೇಸರ್ ಸ್ವಲ್ಪ ಜಾಸ್ತಿ ನಯ. ಎಲ್ಲೋ ಸಿನಿಮಾದ ಹಿನ್ನೆಲೆ ಸಂಗೀತ ಕೇಳಿದ ಹಾಗಾಗುತ್ತೆ.

ಹೇಯ್ಸ್ ಮತ್ತು ಕಾಹಿಲ್: ಬಿಟ್ಟು ನುಡಿಸುವ ಗಿಟಾರ್

ಮಾರ್ಟಿನ್ ಹೇಯ್ಸ್ ಐರ್ಲೆಂಡಿನ ಕ್ಲೇರ್ ಕೌಂಟಿಯ ಪೂರ್ವ ಭಾಗದವರು. ಅಪ್ಪ ಪಿ. ಜೋ ಹೇಯ್ಸ್ ಊರ ಕುಣಿತದ ಕೂಟಗಳಿಗೆ ನುಡಿಸುವ ಅಲ್ಲಿನ ಟುಲ್ಲಾ ಕೇಲಿ ಬ್ಯಾಂಡಿನ ಪಿಟೀಲುಗಾರ. ಮಗ ಶಿಕಾಗೋಗೆ ಹೋಗಿ ಡೆನ್ನಿಸ್ ಕಾಹಿಲ್ ಜೊತೆ ಮೊದಲು ಕಟ್ಟಿದ್ದು ರಾಕ್ ಬ್ಯಾಂಡು! ಅದರ ಗದ್ದಲ ಸಾಕಾದ ಮೇಲೆ ಇಬ್ಬರೂ ಅದಕ್ಕೆ ಪೂರ್ತಿ ಉಲ್ಟಾ ದಾರಿ ಹಿಡಿದರು. 1997ರ 'ದಿ ಲೋನ್‌ಸಮ್ ಟಚ್' ಕೇಳಿ. ಓಟದ ಮಟ್ಟನ್ನು ನಡಿಗೆಗೆ ಇಳಿಸಿದ್ದಾರೆ. ಕಾಹಿಲ್ ಗಿಟಾರ್ ಎಷ್ಟು ಕಡಿಮೆ ನುಡಿಸುತ್ತಾರೆ ಅಂದರೆ, ಒಂದು ಸ್ವರ ಮೀಟಿ ಮುಂದಿನದು ಬರುವಷ್ಟರಲ್ಲಿ ಪಿಟೀಲು ಅರ್ಧ ಸಾಲು ಮುಗಿಸಿರುತ್ತೆ. ಇಷ್ಟು ನಿಧಾನ ಮಾಡಿದರೆ ಯಾರಿಗೆ ಕುಣಿಯೋಕಾಗುತ್ತೆ ಅಂತ ಗೊಣಗುವವರಿದ್ದಾರೆ. ಅವರ ಮಾತಲ್ಲೂ ಸುಳ್ಳಿಲ್ಲ, ಇದು ಕೂತು ಕೇಳುವ ಸಂಗೀತ.

ಬಸ್ಸಿನಲ್ಲಂತೂ ಇದನ್ನು ಕೇಳಬೇಡಿ. ಮೆಲ್ಲಗೆ ನುಡಿಸುವ ಜಾಗಗಳನ್ನೆಲ್ಲ ಇಂಜಿನ್ ನುಂಗುತ್ತೆ, ಉಳಿಯೋದು ಅಲ್ಲೊಂದು ಇಲ್ಲೊಂದು ಸ್ವರ. ರಾತ್ರಿಯೇ ಸರಿ. 1999ರ 'ಲೈವ್ ಇನ್ ಸಿಯಾಟಲ್' ಆಲ್ಬಂನಲ್ಲಿ 25 ನಿಮಿಷಕ್ಕೂ ಮೀರಿದ ಒಂದು ಮಾಲಿಕೆ ಇದೆ. ಒಂದೊಂದೇ ಮಟ್ಟು ಪೋಣಿಸುತ್ತಾ, ಗೊತ್ತಾಗದ ಹಾಗೆ ವೇಗ ಏರಿಸುತ್ತಾ ಹೋಗುತ್ತಾರೆ. ವಿಲಂಬಿತದಿಂದ ದ್ರುತ್‌ಗೆ ಹೋಗುವ ಹಾದಿ ಗೊತ್ತಿರುವ ಧಾರವಾಡದ ಕಡೆಯ ಕಿವಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ.

ಇವರ ಗುಟ್ಟು ಹುಡುಕೋಕೆ ನಾನೂ ಕಮಾನು ಎತ್ತಿದೆ. ಐರಿಶ್ ಪಿಟೀಲಿನಲ್ಲಿ 'ರೋಲ್' ಅಂತ ಒಂದು ಅಲಂಕಾರ ಇದೆ. ಒಂದು ಸ್ವರ ಹಿಡಿದು, ಮೇಲಿನದನ್ನು ಚೂರು ತಾಗಿಸಿ, ವಾಪಸ್ ಬಂದು, ಕೆಳಗಿನದನ್ನು ತಾಗಿಸಿ, ಮತ್ತೆ ಅಲ್ಲಿಗೇ ಬರೋದು. ತಾಗಿಸುವ ಬೆರಳು ಎಷ್ಟು ಬೇಗ ಎದ್ದುಬಿಡಬೇಕು ಅಂದರೆ, ಅದು ಸ್ವರವಾಗಿ ಕೇಳಲೇಬಾರದು, ಬರೀ ಟಿಕ್ ಅನ್ನಬೇಕು. ಗಮಕ ಕಲಿತ ಬೆರಳು ಎಲ್ಲಿ ಸುಮ್ನಿರುತ್ತೆ? ಜಾರುತ್ತೆ, ಅಲ್ಲಾಡುತ್ತೆ. ನನ್ನ ರೋಲ್ ಕಂಪಿತದ ತರ ಕೇಳುತ್ತಿತ್ತು. ನಮ್ಮ ಪಾಠ ಆದವರಿಗೆ ನಾಲ್ಕರಲ್ಲಿ ಅತಿ ಕಷ್ಟದ್ದು ಇದೇ, ಕೇಳೋಕೆ ಅತಿ ಹತ್ತಿರ ಅನಿಸೋದೂ ಇದೇ.

ಇದೇ ಇಬ್ಬರು ಇನ್ನೂ ಮೂವರ ಜೊತೆ ಸೇರಿದ ತಂಡ 'ದಿ ಗ್ಲೋಮಿಂಗ್'. ಮೊದಲ ಆಲ್ಬಂ 2014ರಲ್ಲಿ ಬಂತು. ವಿಮರ್ಶಕರು ಕುಣಿದಾಡಿದರು. ನನಗೇನೋ ಅಲ್ಲಿ ಥಾಮಸ್ ಬಾರ್ಟ್‌ಲೆಟ್ ಅವರ ಪಿಯಾನೊ ಸ್ವಲ್ಪ ಜಾಸ್ತಿ ಜಾಗ ತಗೊಂಡಿದೆ ಅನಿಸುತ್ತೆ. ಪಿಟೀಲಿಗಾಗಿ ಬಂದವರು ಮೊದಲು ಇಬ್ಬರದನ್ನೇ ಕೇಳಲಿ. ಕಾಹಿಲ್ 2022ರಲ್ಲಿ ತೀರಿಕೊಂಡರು. ಆಮೇಲೆ ಹೇಯ್ಸ್ ಬೇರೆಯವರ ಜೊತೆ ನುಡಿಸಿದ್ದನ್ನೂ ಕೇಳಿದೆ, ಚೆನ್ನಾಗಿದೆ. ಆದರೆ ಅಷ್ಟು ಕಡಿಮೆ ನುಡಿಸಿ ಅಷ್ಟು ಹೇಳುವ ಗಿಟಾರ್ ಇನ್ನೊಂದು ನನಗೆ ಸಿಕ್ಕಿಲ್ಲ.

ಆಲ್ಟನ್: ಪಿಟೀಲಿಗೆ ಪಿಟೀಲೇ ಜೊತೆ

ಐರ್ಲೆಂಡಿನ ಉತ್ತರದ ಡೊನೆಗಾಲ್ ಕಡೆಯ ತಂಡ. ಮರೇಡ್ ನಿ ವೀನಿ ಪಿಟೀಲು ನುಡಿಸುತ್ತಾರೆ, ಐರಿಶ್ ಭಾಷೆಯಲ್ಲಿ ಹಾಡುತ್ತಾರೆ. ಅವರ ಗಂಡ, ಕೊಳಲಿನ ಫ್ರ್ಯಾಂಕಿ ಕೆನಡಿ 1994ರಲ್ಲಿ ತೀರಿಕೊಂಡ ಮೇಲೂ ತಂಡ ನಿಲ್ಲಲಿಲ್ಲ. ಡೊನೆಗಾಲಿನ ಜನ ಕೂಲಿಗೆ ಸ್ಕಾಟ್ಲೆಂಡಿಗೆ ಹೋಗಿ ಬರುತ್ತಿದ್ದರು, ಹಾಗಾಗಿ ಅಲ್ಲಿನ ಮಟ್ಟುಗಳು ಇಲ್ಲೂ ಇವೆ. ಕಮಾನು ಚುರುಕು, ಹೆಚ್ಚುಕಮ್ಮಿ ಸ್ವರಕ್ಕೊಂದು ಎಳೆತ.

ಇಲ್ಲಿನ ವಿಶೇಷ ಅಂದರೆ ಎರಡು ಪಿಟೀಲು ಒಂದೇ ಮಟ್ಟನ್ನು ಎರಡು ಸ್ಥಾಯಿಯಲ್ಲಿ ನುಡಿಸೋದು. ಒಬ್ಬರು ಮೇಲೆ, ಇನ್ನೊಬ್ಬರು ಕೆಳಗೆ. ಮೈಸೂರಿನ ಪಿಟೀಲು ಚೌಡಯ್ಯನವರು ತಂತಿಗೆ ಇನ್ನೊಂದು ಸ್ಥಾಯಿಯ ತಂತಿ ಜೋಡಿಸಿ ಏಳು ತಂತಿ ಮಾಡಿಕೊಂಡಿದ್ದರಲ್ಲ, ಹೆಚ್ಚುಕಮ್ಮಿ ಅದೇ ನಾದ. ಬಸ್ಸಿಗೆ ಇದಕ್ಕಿಂತ ಒಳ್ಳೆಯದಿಲ್ಲ, ಯಾವ ಇಂಜಿನ್ನೂ ಇದನ್ನು ಮುಚ್ಚೋಕಾಗಲ್ಲ. ಆದರೆ ಒಂದೇ ಸಲಕ್ಕೆ ಇಡೀ ಆಲ್ಬಂ ಕೇಳಿದರೆ ಅರ್ಧದ ನಂತರ ಓಟದ ಮಟ್ಟುಗಳೆಲ್ಲ ಒಂದೇ ತರ ಕೇಳೋಕೆ ಶುರುವಾಗುತ್ತೆ.

ಕೇಪ್ ಬ್ರೆಟನ್: ಪಿಯಾನೊ ಮತ್ತು ಹಿಮ್ಮಡಿ

18ನೇ ಶತಮಾನದ ಕೊನೆಯಿಂದ 19ನೇ ಶತಮಾನದ ನಡುವಿನವರೆಗೆ ಸ್ಕಾಟ್ಲೆಂಡಿನ ಗುಡ್ಡಗಾಡಿನ ಜನ ನೆಲ ಕಳೆದುಕೊಂಡು, ಗೇಲಿಕ್ ಭಾಷೆ ಮತ್ತು ಪಿಟೀಲಿನ ಸಮೇತ ಇಲ್ಲಿಗೆ ಬಂದರು. ಊರಲ್ಲಿ ಬದಲಾದದ್ದು ಎಷ್ಟೋ ಇಲ್ಲಿ ಉಳಿಯಿತು. 1970ರ ದಶಕದ ಶುರುವಿನಲ್ಲಿ ಕೆನಡಾದ ಟಿವಿಯಲ್ಲಿ ಒಂದು ಸಾಕ್ಷ್ಯಚಿತ್ರ ಬಂತು, ಕೇಪ್ ಬ್ರೆಟನ್ನಿನ ಪಿಟೀಲುಗಾರರು ಕಣ್ಮರೆಯಾಗುತ್ತಿದ್ದಾರೆ ಅಂತ. ದ್ವೀಪದವರಿಗೆ ಸಿಟ್ಟು ಬಂತು. 1973ರಲ್ಲಿ ಗ್ಲೆಂಡೇಲ್ ಅನ್ನೋ ಹಳ್ಳಿಯಲ್ಲಿ ನೂರಕ್ಕೂ ಹೆಚ್ಚು ಪಿಟೀಲುಗಾರರು ಒಂದೇ ವೇದಿಕೆ ಹತ್ತಿ ತೋರಿಸಿದರು. ಇದಕ್ಕಿಂತ ಒಳ್ಳೆಯ ಉತ್ತರ ಬೇಕಾ?

ನಾನು ಕೇಳಿದ್ದು ಮುಖ್ಯವಾಗಿ ನಟಾಲಿ ಮ್ಯಾಕ್‌ಮಾಸ್ಟರ್ ಅವರನ್ನು. ಅವರ ಅಪ್ಪನ ಸೋದರ ಬಡ್ಡಿ ಮ್ಯಾಕ್‌ಮಾಸ್ಟರ್ ಅಲ್ಲಿನವರು ತಲೆಬಾಗುವ ಹೆಸರು. ಹೊಟ್ಟೆಪಾಡಿಗೆ ರೈಲ್ವೆ ಸ್ಟೇಷನ್ನಿನ ಕೆಲಸ, ಸಂಜೆಯಾದರೆ ಕುಣಿತಕ್ಕೆ ಪಿಟೀಲು. ನಟಾಲಿಯವರ 1999ರ 'ಇನ್ ಮೈ ಹ್ಯಾಂಡ್ಸ್' ಪಾಪ್ ಕಡೆ ವಾಲುತ್ತೆ, ಅದನ್ನು ಬಿಟ್ಟರೂ ನಷ್ಟವಿಲ್ಲ. ಅದಕ್ಕೂ ಮುಂಚಿನ 'ಮೈ ರೂಟ್ಸ್ ಆರ್ ಶೋಯಿಂಗ್' ಹಿಡಿಯಿರಿ. ಆ್ಯಶ್ಲಿ ಮ್ಯಾಕ್‌ಐಸಾಕ್ ಅವರ 1995ರ ಆಲ್ಬಂ ಆಗ ದೊಡ್ಡ ಸದ್ದು ಮಾಡಿತ್ತು. ಪಿಟೀಲು ಈಗಲೂ ಬೆಂಕಿ, ಸುತ್ತಲಿನ ಡ್ರಮ್ಮಿಗೆ ಮಾತ್ರ ವಯಸ್ಸಾಗಿದೆ.

ಇಲ್ಲಿ ಪಕ್ಕವಾದ್ಯ ಪಿಯಾನೊ. ಎಡಗೈ ಕೆಳಗಿನ ಸ್ವರಗಳ ಮೇಲೆ ನಡೆಯುತ್ತಿದ್ದರೆ, ಬಲಗೈ ತಾಳದ ಪೆಟ್ಟುಗಳ ನಡುವಿನ ಸಂದಿಯಲ್ಲಿ ತಟ್ಟುತ್ತೆ. ಅದರ ಕೆಳಗೆ ಇನ್ನೊಂದು ಸದ್ದು, ಪಿಟೀಲಿನವರು ಕುರ್ಚಿಯಲ್ಲಿ ಕೂತು ನೆಲಕ್ಕೆ ಹಿಮ್ಮಡಿ ಬಡಿಯೋದು. ರೆಕಾರ್ಡಿಂಗಿನಲ್ಲೂ ಅದನ್ನು ಅಳಿಸೋದಿಲ್ಲ. ಇವರ ಮೆಚ್ಚಿನ ಬಗೆ ಸ್ಟ್ರಾತ್‌ಸ್ಪೇ ಅನ್ನೋ ಸ್ಕಾಟ್ಲೆಂಡಿನ ಕುಣಿತದ ಮಟ್ಟು. ಅದರಲ್ಲಿ ಗಿಡ್ಡ ಸ್ವರ ಮೊದಲು, ಉದ್ದದ್ದು ಆಮೇಲೆ ಬರುವ ಒಂದು ಚಿಟಿಕೆ ಇದೆ. ಛಂದಸ್ಸು ಓದಿದವರಿಗೆ ಸಲೀಸು: ಲಘು, ಗುರು. ಪೆಟ್ಟು ಬೀಳೋದು ಲಘುವಿನ ಮೇಲೆ. ಅದಾದ ಮೇಲೆ ಸದ್ದಿಲ್ಲದೆ ರೀಲ್ ಅನ್ನೋ ಓಟದ ಮಟ್ಟಿಗೆ ಹಾರುತ್ತಾರೆ, ಅಡುಗೆಮನೆಯಲ್ಲಿದ್ದರೆ ಸೌಟು ತಾನಾಗೇ ತಾಳ ಹಾಕುತ್ತೆ.

ನನಗೆ ಹಬ್ಬ ಆಗಿದ್ದು ಶ್ರುತಿಯ ವಿಷಯದಲ್ಲಿ. ಸಾಮಾನ್ಯ ಪಿಟೀಲಿನ ತಂತಿಗಳು ಜಿ-ಡಿ-ಎ-ಇ. ಕೇಪ್ ಬ್ರೆಟನ್ನಿನವರು ಕೆಲವು ಮಟ್ಟುಗಳಿಗೆ ಕೆಳಗಿನ ಎರಡು ತಂತಿಗಳನ್ನು ಒಂದೊಂದು ಸ್ವರ ಏರಿಸಿ ಎ-ಇ-ಎ-ಇ ಮಾಡಿಕೊಳ್ಳುತ್ತಾರೆ. ಇದಕ್ಕೆ ಅವರ ಮಾತು 'ಹೈ ಬಾಸ್'. ಎ ಅನ್ನು ಷಡ್ಜ ಅಂದುಕೊಳ್ಳಿ, ಆಗ ಸ-ಪ-ಸ-ಪ. ನಮ್ಮ ಕರ್ನಾಟಕ ಸಂಗೀತದ ಪಿಟೀಲಿನ ಶ್ರುತಿ ಇದೇ ತಾನೇ! ಸ್ಥಾಯಿ ಮೇಲೆ ಕೆಳಗೆ ಇರಬಹುದು, ಅಂತರಗಳು ಒಂದೇ. ಅಂದರೆ ಪಾಠಕ್ಕೆ ಹೋದವರ ಮನೆಯ ಪಿಟೀಲು ಕೇಪ್ ಬ್ರೆಟನ್ ಮಟ್ಟಿಗೆ ಆಗಲೇ ತಯಾರಿದೆ, ಬಿರಡೆ ಮುಟ್ಟಬೇಕಿಲ್ಲ. ಎಷ್ಟೋ ಮಟ್ಟುಗಳ ಸ್ವರಗಳೂ ನಮ್ಮ ಹರಿಕಾಂಭೋಜಿ ರಾಗದವೇ. ಕಮಾನು ಎರಡು ತಂತಿಗೆ ತಾಗಿಸಿ, ಒಂದರಲ್ಲಿ ಮಟ್ಟು, ಪಕ್ಕದ್ದು ಸುಮ್ನೆ ಮೊಳಗಲಿ. ಇಡೀ ಪೆಟ್ಟಿಗೆ ಅದುರುತ್ತೆ.

ತೊಡಕು ಕೂರುವ ರೀತಿಯದು. ಪಿಟೀಲಿನ ತಲೆಯನ್ನು ಹಿಮ್ಮಡಿಯ ಹತ್ತಿರ ಊರಿ ಚಾಪೆಯ ಮೇಲೆ ಕೂತರೆ, ಬಡಿಯಬೇಕಾದ ಹಿಮ್ಮಡಿಯೇ ಪಿಟೀಲು ಹಿಡಿದುಕೊಂಡಿರುತ್ತೆ. ಕಾಲು ಬಡಿಯದೆ ಸ್ಟ್ರಾತ್‌ಸ್ಪೇಯ ಪೆಟ್ಟು ಕಮಾನಿಗೆ ಇಳಿಯೋದೇ ಇಲ್ಲ. ಕುರ್ಚಿ ಎಳೆದುಕೊಳ್ಳಿ, ಗಲ್ಲದ ಕೆಳಗೆ ಹಿಡಿಯೋದು ಅಭ್ಯಾಸ ಮಾಡಿಕೊಳ್ಳಿ. ಮೇಲಿನ ಮಹಡಿಯಲ್ಲಿ ಇರುವವರು ಕೆಳಗಿನ ಮನೆಯವರಿಗೆ ಮೊದಲೇ ಒಂದು ಮಾತು ಹೇಳಿಡಿ.